ಅಂಗುಳದ ಗಂಟು ಮತ್ತು ತುಮಕೂರಿನ ಒಂದು ಹಲ್ಲಿನ ದವಾಖಾನೆ

ತುಮಕೂರಿನ ಬಿ.ಎಚ್. ರಸ್ತೆಯಿಂದ ಒಳಕ್ಕೆ ಹೊರಳುವ ಅಡ್ಡರಸ್ತೆಯೊಂದರಲ್ಲಿ, ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ, ಇಬ್ಬರು ದಂತವೈದ್ಯರು ನಡೆಸುವ ದವಾಖಾನೆಯ ಕುರಿತು ಈ ಬರಹ. ಕಳೆದ ವರ್ಷದ ಆಷಾಢದಲ್ಲಿ ನನ್ನ ಅಕ್ಕನನ್ನು ಕರೆದುಕೊಂಡು ಮೊದಲ ಬಾರಿಗೆ ಅಲ್ಲಿಗೆ ಹೋದೆ. ಅಲ್ಲಿಂದೀಚೆಗೆ ಹನ್ನೊಂದು ತಿಂಗಳಲ್ಲಿ ಒಂಬತ್ತು ಸಲ ಆ ಮೆಟ್ಟಿಲುಗಳನ್ನು ಹತ್ತಿದ್ದೇವೆ. ಜಾಹೀರಾತಿನಂತೆ ಕಾಣುವುದು ಬೇಡವೆಂದು ವೈದ್ಯೆ ಕೇಳಿಕೊಂಡದ್ದರಿಂದ ದವಾಖಾನೆಯ ಹೆಸರನ್ನು ಬರೆಯುತ್ತಿಲ್ಲ. ಹಲ್ಲು ಕೀಳಿಸಲು, ಹುಳುಕು ತುಂಬಿಸಲು, ಕಟ್ಟುಹಲ್ಲು ಹಾಕಿಸಲು ಈ ಊರಿನಲ್ಲಿ ಜಾಗಗಳಿಗೆ ಬರವಿಲ್ಲ, ಅದಕ್ಕಾಗಿ ಯಾರೂ ನನ್ನ ಅಭಿಪ್ರಾಯವನ್ನು ಓದಬೇಕಾಗಿಯೂ ಇಲ್ಲ. ಹಲ್ಲಿಗೆ ಸಂಬಂಧವೇ ಇಲ್ಲದ ಗಂಟೊಂದು ಹಲ್ಲಿನ ವೈದ್ಯರ ಕುರ್ಚಿಯ ಮೇಲೆ ಕಣ್ಣಿಗೆ ಬಿದ್ದಾಗ ಅವರು ಎಷ್ಟನ್ನು ತಾವೇ ಮಾಡುತ್ತಾರೆ, ಎಲ್ಲಿ ಕೈತಡೆದು ಬೇರೆಯವರಿಗೆ ಒಪ್ಪಿಸುತ್ತಾರೆ ಎಂಬುದನ್ನು ನೋಡಿ ನಾನು ಈ ದವಾಖಾನೆಗೆ ಬೆಲೆ ಕಟ್ಟುತ್ತಿದ್ದೇನೆ.

ಅಕ್ಕನಿಗೆ ಐವತ್ತೆರಡು ವರ್ಷ. ಗುಬ್ಬಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ತೆಂಗು ಮತ್ತು ಅಡಿಕೆಯ ತೋಟವಿದೆ. ಬಾಯಿಯ ಮೇಲ್ಛಾವಣಿಯಲ್ಲಿ, ಅಂದರೆ ಅಂಗುಳದಲ್ಲಿ, ಬಲಗಡೆಗೆ ಒಂದು ಉಬ್ಬು ಎರಡು ವರ್ಷಗಳಿಂದ ಇತ್ತಂತೆ. ಬಿಸಿ ಮುದ್ದೆ ತಾಗಿ ಸುಟ್ಟ ಜಾಗ ಗಂಟುಕಟ್ಟಿದೆ ಎಂದುಕೊಂಡು ಅವಳು ಸುಮ್ಮನಿದ್ದಳು. ನೋವಿರಲಿಲ್ಲ, ರಕ್ತ ಬರುತ್ತಿರಲಿಲ್ಲ. ಮುದ್ದೆಯ ತುತ್ತು ನುಂಗುವಾಗ ಎಡಗಡೆಗೇ ಜಾರತೊಡಗಿದಾಗ, ಮತ್ತು ಮಾತಿನಲ್ಲಿ 'ಟ'ಕಾರ 'ಡ'ಕಾರಗಳು ತೊಡರುತ್ತಿವೆಯೆಂದು ಮೊಮ್ಮಗಳು ಆಡಿಕೊಂಡು ನಗತೊಡಗಿದಾಗ, ವಿಷಯ ನನ್ನವರೆಗೆ ಬಂತು.

ಮೊದಲು ತೋರಿಸಿದ್ದು ಬೇರೊಂದು ಕಡೆ. ಅಲ್ಲಿ ಬಾಯಿ ತೆರೆಸಿ ನೋಡಿದವರು ಉಬ್ಬಿನ ಪಕ್ಕದಲ್ಲೇ ಇದ್ದ ಮೇಲಿನ ದವಡೆ ಹಲ್ಲಿನಲ್ಲಿ ಹಳೆಯದೊಂದು ಸಿಮೆಂಟು ಇರುವುದನ್ನು ಕಂಡು, ಬೇರಿನಲ್ಲಿ ಕೀವು ತುಂಬಿ ಅಂಗುಳಕ್ಕೆ ಇಳಿದಿದೆ ಎಂದು ನಿರ್ಧರಿಸಿದರು. ಒಂದು ಎಕ್ಸ್‌ರೇ, ಎರಡು ಸುತ್ತು ಆಂಟಿಬಯಾಟಿಕ್ ಮಾತ್ರೆ, ರೂಟ್ ಕೆನಾಲ್, ಅದರ ಮೇಲೊಂದು ಕ್ಯಾಪ್, ಎಲ್ಲ ಸೇರಿ 8,500 ರೂಪಾಯಿ ಆಯಿತು. ಉಬ್ಬು ಮಾತ್ರ ಇದ್ದಲ್ಲೇ ಇತ್ತು. ಆ ಊಹೆ ಪೂರ್ತಿ ಅಸಂಬದ್ಧವಾದದ್ದೇನೂ ಅಲ್ಲ ಎಂಬುದನ್ನು ನ್ಯಾಯವಾಗಿ ಹೇಳಬೇಕು. ಮೇಲಿನ ಮೊದಲನೆಯ ದವಡೆ ಹಲ್ಲಿಗೆ ಸಾಮಾನ್ಯವಾಗಿ ಮೂರು ಬೇರುಗಳಿದ್ದು, ಅವುಗಳಲ್ಲೊಂದು ಅಂಗುಳದ ಕಡೆಗೇ ಬಾಗಿರುತ್ತದೆ. ಅದರ ತುದಿಯಲ್ಲಿ ಕೀವಾದರೆ ಅಂಗುಳದಲ್ಲಿ ಊತ ಕಾಣಿಸಿಕೊಳ್ಳುವುದುಂಟು. ಆದರೆ ಕೀವಿನ ಊತ ನೋಯುತ್ತದೆ, ದಿನಗಳಲ್ಲಿ ಏರುತ್ತದೆ, ಒಡೆಯುತ್ತದೆ. ಎರಡು ವರ್ಷ ಅಲುಗದೆ ಕುಳಿತು ಮೆಲ್ಲಗೆ ಬೆಳೆಯುವ ಗಂಟಿಗೆ ಆ ಲಕ್ಷಣಗಳು ಯಾವುವೂ ಇರಲಿಲ್ಲ. ಅದನ್ನು ಕೇಳುವ ವ್ಯವಧಾನ ಅಲ್ಲಿ ಯಾರಿಗೂ ಇರಲಿಲ್ಲ ಎಂಬುದಷ್ಟೇ ನನ್ನ ದೂರು.

ಈ ದವಾಖಾನೆಯಲ್ಲಿ ವೈದ್ಯೆ ಮೊದಲು ಮಾಡಿದ್ದು ಬಾಯಿ ನೋಡುವ ಕೆಲಸವನ್ನಲ್ಲ. ಅಕ್ಕನನ್ನು ನೇರವಾಗಿ ಕೂರಿಸಿಕೊಂಡು, ಹಿಂದೆ ನಿಂತು, ಎರಡೂ ಕಿವಿಗಳ ಮುಂದೆ, ದವಡೆಯ ಕೆಳಗೆ, ಕತ್ತಿನ ಎರಡೂ ಬದಿಗೆ ಬೆರಳಿನಿಂದ ಒತ್ತಿ ನೋಡಿದರು. ಬೇರೆ ಗಂಟುಗಳೇನಾದರೂ ಇವೆಯೇ, ಮುಖದ ಒಂದು ಪಾರ್ಶ್ವ ಜೋಲುಬಿದ್ದಿದೆಯೇ, ಅಂಗುಳದಲ್ಲಿ ಎಲ್ಲಿಯಾದರೂ ಜೋಮು ಹಿಡಿದಂತಿದೆಯೇ ಎಂದು ವಿಚಾರಿಸಿದರು. ಆಮೇಲೆ ಕುರ್ಚಿಯನ್ನು ಹಿಂದಕ್ಕೆ ಒರಗಿಸಿ, ಕೈಗನ್ನಡಿಯಲ್ಲಿ ನನಗೂ ಕಾಣುವಂತೆ ಬೆಳಕು ಹಿಡಿದರು. ಗಟ್ಟಿ ಅಂಗುಳ ಮುಗಿದು ಮೆತ್ತನೆಯ ಅಂಗುಳ ಆರಂಭವಾಗುವ ಗಡಿಯಲ್ಲಿ, ನಡುಗೆರೆಗೆ ತಾಗದೆ ಬಲಕ್ಕೆ ಸರಿದು, ಸುಲಿದ ಅಡಿಕೆಯಷ್ಟು ದೊಡ್ಡದಾದ ಗುಂಡನೆಯ ಉಬ್ಬು ಇತ್ತು. ಅದರ ಮೇಲಿನ ಚರ್ಮ ಸುತ್ತಲಿನಂತೆಯೇ ತೆಳುಗೆಂಪಾಗಿದ್ದು, ಹುಣ್ಣಾಗಲಿ ನೀಲಿ ಛಾಯೆಯಾಗಲಿ ಇರಲಿಲ್ಲ. ಒತ್ತಿದರೆ ಮೂಳೆಯಷ್ಟು ಗಡುಸಲ್ಲ, ನೀರುಗುಳ್ಳೆಯಷ್ಟು ಮೆದುವಲ್ಲ, ರಬ್ಬರಿನ ಚೆಂಡಿನಂತೆ ಬಿಗಿಯಾಗಿದೆ ಎಂದು ಹೇಳಿ ನನ್ನ ಕೈಗೂ ಗವುಸು ಕೊಟ್ಟು ಮುಟ್ಟಲು ಬಿಟ್ಟರು. ಅವರು ಹೇಳಿದಂತೆಯೇ ಇತ್ತು.

"ನೋವೈತಾಮ್ಮ?" ಎಂದು ಕೇಳಿದ್ದಕ್ಕೆ ಅಕ್ಕ, "ನೋವಿದ್ದಿದ್ರೆ ಎಂದೋ ಬತ್ತಿದ್ದೆ ಡಾಕ್ಟ್ರಮ್ಮ" ಎಂದಳು. ಆ ಒಂದು ವಾಕ್ಯದಲ್ಲಿಯೇ ಈ ಕಾಯಿಲೆಯ ತೊಂದರೆಯೆಲ್ಲ ಅಡಗಿದೆ ಎಂದು ವೈದ್ಯೆ ನನ್ನ ಕಡೆ ತಿರುಗಿ ಹೇಳಿದರು.

ಅಂಗುಳದ ಉಬ್ಬು ಎಲ್ಲಿದೆ ಎಂಬುದೇ ಅರ್ಧ ಉತ್ತರ ಹೇಳುತ್ತದಂತೆ. ನಡುಗೆರೆಯ ಮೇಲೆ ಕಲ್ಲಿನಂತೆ ಗಟ್ಟಿಯಾಗಿ ಬಹುಕಾಲದಿಂದ ಇರುವುದು ಮೂಳೆಯ ಸಹಜ ಬೆಳವಣಿಗೆ, ಅದನ್ನು ಮುಟ್ಟಬೇಕಾಗಿಯೇ ಇಲ್ಲ. ಜೊಲ್ಲುಗ್ರಂಥಿಗಳು ನಡುಗೆರೆಯಲ್ಲಿ ಇರುವುದಿಲ್ಲ, ಅದರ ಅಕ್ಕಪಕ್ಕದಲ್ಲಿ, ಹಿಂಭಾಗದಲ್ಲಿ ಇರುತ್ತವೆ. ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ ಇದೆ. ಇಪ್ಪತ್ತೆರಡು ವರ್ಷಗಳಿಂದ ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತಿರುವ ನಾನು ಲಾಲಾಗ್ರಂಥಿಗಳು, ಅಂದರೆ ಈ ಜೊಲ್ಲುಗ್ರಂಥಿಗಳು, ಮೂರು ಜೊತೆ ಎಂದು ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ಮುಂದಿನ ಪಾಠಕ್ಕೆ ಹೋಗಿಬಿಡುತ್ತಿದ್ದೆ. ತುಟಿ, ಕೆನ್ನೆಯ ಒಳಭಾಗ, ನಾಲಗೆ, ಅಂಗುಳಗಳಲ್ಲಿ 600ರಿಂದ 1,000ದಷ್ಟು ಕಿರುಗ್ರಂಥಿಗಳು ಹರಡಿಕೊಂಡಿವೆಯೆಂದು ಯಾವ ತರಗತಿಯಲ್ಲೂ ಹೇಳಿರಲಿಲ್ಲ. ಅಕ್ಕನ ಗಂಟು ಅಂಥ ಒಂದು ಕಿರುಗ್ರಂಥಿಯಿಂದ ಎದ್ದದ್ದಾಗಿತ್ತು.

ಹಾಗೆಂದು ಅವರು ಹಲ್ಲನ್ನು ಕಡೆಗಣಿಸಲಿಲ್ಲ. ಹತ್ತಿಯ ಸಣ್ಣ ಉಂಡೆಗೆ ಮಂಜಿನಂತೆ ತಣ್ಣಗೆ ಕೊರೆಯುವ ದ್ರವವೊಂದನ್ನು ಸಿಂಪಡಿಸಿ, ಬಲಗಡೆಯ ಮೇಲಿನ ಹಲ್ಲುಗಳಿಗೆ ಒಂದೊಂದಾಗಿ ತಾಗಿಸಿದರು. ರೂಟ್ ಕೆನಾಲ್ ಆದ ಹಲ್ಲು ಸಹಜವಾಗಿಯೇ ಸುಮ್ಮನಿತ್ತು. ಹಿಂದು ಮುಂದಿನವು ಎರಡೂ ತಣ್ಣಗೆ ತಾಗಿದ ಕೂಡಲೇ ಅಕ್ಕನ ಕೈ ಮೇಲೇಳುವಂತೆ ಮಾಡಿದವು, ಅಂದರೆ ಜೀವಂತವಾಗಿದ್ದವು. ಬಳಿಕ ಮೊದಲಿನ ಕಡೆ ತೆಗೆಸಿದ ಎಕ್ಸ್‌ರೇ ಇದೆಯೇ ಎಂದು ಕೇಳಿದರು. ಅಕ್ಕ ಅದನ್ನು ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರಿನೊಳಗೇ ಇಟ್ಟು ತಂದಿದ್ದಳು. ಹೆಬ್ಬೆರಳಿನಗಲದ ಆ ಫಿಲ್ಮನ್ನು ಬೆಳಕಿಗೆ ಹಿಡಿದು, ಬೇರಿನ ತುದಿಯ ಸುತ್ತ ಮೂಳೆ ಕರಗಿದ ಕಪ್ಪು ನೆರಳು ಚೂರೂ ಇಲ್ಲವೆಂದು ಪೆನ್ಸಿಲಿನ ಮೊನೆಯಿಂದ ತೋರಿಸಿದರು. ಅಷ್ಟು ಹೊತ್ತೂ ಅವರು ಮೊದಲಿನವರ ಬಗ್ಗೆ ಒಂದು ಮಾತೂ ಆಡಲಿಲ್ಲ. ಅದು ವೃತ್ತಿಯ ಮರ್ಯಾದೆ ಇರಬಹುದು. ನನಗೆ ಮಾತ್ರ ಆ 8,500 ರೂಪಾಯಿ ಅವರ ಪೆನ್ಸಿಲಿನ ತುದಿಯಲ್ಲೇ ಕಂಡಿತು.

ಆ ದಿನದ ಕೊನೆಗೆ ಅವರು ಹೇಳಿದ್ದು ಮೂರು ಸಂಗತಿ. ಇದು ಬಹುತೇಕ ಕಿರು ಜೊಲ್ಲುಗ್ರಂಥಿಯ ಗೆಡ್ಡೆ. ನೋಟಕ್ಕೆ ಸಾಧುವಾಗಿದೆ, ಅಂದರೆ ಕ್ಯಾನ್ಸರ್‌ನಂತೆ ಕಾಣುವುದಿಲ್ಲ, ಆದರೆ ನೋಟವನ್ನು ನಂಬಿ ಕತ್ತರಿ ಹಿಡಿಯುವಂತಿಲ್ಲ. ಕಿವಿಯ ಮುಂದಿರುವ ದೊಡ್ಡ ಗ್ರಂಥಿಯಾದ ಪರೋಟಿಡ್‌ನಲ್ಲಿ ಹುಟ್ಟುವ ಗೆಡ್ಡೆಗಳಲ್ಲಿ ಹತ್ತರಲ್ಲಿ ಎಂಟರಷ್ಟು ಕ್ಯಾನ್ಸರ್ ಅಲ್ಲದವು, ಗ್ರಂಥಿ ಸಣ್ಣದಾದಷ್ಟೂ ಈ ಲೆಕ್ಕ ಕೆಡುತ್ತಾ ಹೋಗುತ್ತದೆ, ಕಿರುಗ್ರಂಥಿಗಳಿಗೆ ಬರುವಾಗ ಹೆಚ್ಚುಕಡಿಮೆ ಅರ್ಧದಷ್ಟು ಕ್ಯಾನ್ಸರ್ ಆಗಿರುತ್ತವೆ. ಆದ್ದರಿಂದ ಮೊದಲು ಚಿತ್ರ, ಆಮೇಲೆ ತುಣುಕಿನ ಪರೀಕ್ಷೆ, ಅದರ ಮೇಲೆ ಚಿಕಿತ್ಸೆ. ಈ ಅನುಕ್ರಮವನ್ನು ಅವರು ಚೀಟಿಯ ಹಿಂಬದಿಯಲ್ಲಿ ಕನ್ನಡದಲ್ಲಿ ಬರೆದುಕೊಟ್ಟರು. ಸಮಾಲೋಚನೆಗೆ ತೆಗೆದುಕೊಂಡದ್ದು 300 ರೂಪಾಯಿ.

ಚಿತ್ರ ಮೊದಲು ಏಕೆ ಎಂದು ನಾನು ಕೇಳಿದೆ. ತುಣುಕು ತೆಗೆದ ಮೇಲೆ ಆ ಜಾಗ ಊದಿಕೊಂಡು ರಕ್ತ ಹೆಪ್ಪುಗಟ್ಟಿರುವುದರಿಂದ ಗೆಡ್ಡೆಯ ಅಂಚು ಎಲ್ಲಿ, ಗಾಯದ ಅಂಚು ಎಲ್ಲಿ ಎಂಬುದು ಕಲಸಿಹೋಗುತ್ತದೆ ಎಂದರು. ಅವರು ಬರೆದುಕೊಟ್ಟದ್ದು ಕೋನ್ ಬೀಮ್ ಸಿಟಿ ಎಂಬ, ಹಲ್ಲು ಮತ್ತು ದವಡೆಗಳಿಗೆಂದೇ ಇರುವ ಸ್ಕ್ಯಾನ್. ಅಂಗುಳದ ಮೂಳೆಯನ್ನು ಗಂಟು ಕೊರೆದಿದೆಯೇ ಎಂಬುದು ಅದರಲ್ಲಿ ಸ್ಪಷ್ಟವಾಗುತ್ತದೆ. ಮೆತ್ತನೆಯ ಭಾಗಗಳ ವಿವರಕ್ಕೆ ಎಂಆರ್‌ಐ ಮೇಲು, ಆದರೆ ಇಷ್ಟು ಸಣ್ಣ ಗಂಟಿಗೆ, ಮೂಳೆ ಸರಿಯಾಗಿದ್ದರೆ, ಅದರ ಖರ್ಚು ಬೇಡವೆಂದು ಅವರೇ ಹೇಳಿದರು. ಹೊರಗಿನ ಕೇಂದ್ರದಲ್ಲಿ 2,400 ರೂಪಾಯಿಗೆ ಸ್ಕ್ಯಾನ್ ಆಯಿತು. ಮೂಳೆಯ ಮೇಲ್ಮೈಯಲ್ಲಿ ಬೆರಳಿನಿಂದ ಒತ್ತಿದಂಥ ಒಂದು ನಯವಾದ ತಗ್ಗು ಮಾತ್ರ ಇತ್ತು. ಮೆಲ್ಲಗೆ ಬೆಳೆಯುವ ಗಂಟು ಮೂಳೆಯನ್ನು ಹೀಗೆ ಒತ್ತಿ ತಗ್ಗು ಮಾಡುತ್ತದೆ, ಕ್ಯಾನ್ಸರ್ ಆಗಿದ್ದರೆ ಮೂಳೆಯ ಅಂಚು ಗೆದ್ದಲು ತಿಂದಂತೆ ಒರಟಾಗಿ ಕಾಣುವುದು ಹೆಚ್ಚು. ಇದೂ ಭರವಸೆಯೇ ಹೊರತು ತೀರ್ಪಲ್ಲ ಎಂದು ಅವರು ಮತ್ತೆ ನೆನಪಿಸಿದರು.

ಎರಡನೆಯ ಭೇಟಿಯಲ್ಲಿ ಮೊದಲು ಸೂಜಿ ಚುಚ್ಚಿ ಎಳೆದು ನೋಡಿದರು. ಕೀವೂ ಬರಲಿಲ್ಲ, ನೀರೂ ಬರಲಿಲ್ಲ. ಬಳಿಕ ಅರಿವಳಿಕೆ ಕೊಟ್ಟು ಗಂಟಿನ ನಡುಭಾಗದಿಂದ ಅವರೆಕಾಳಿನ ಬೇಳೆಯಷ್ಟು ತುಣುಕನ್ನು ತೆಗೆದರು. ನಡುಭಾಗದಿಂದಲೇ ಏಕೆಂದರೆ, ಮುಂದೆ ಗಂಟನ್ನು ತೆಗೆಯುವಾಗ ಈ ಗಾಯದ ದಾರಿಯೂ ಅದರೊಂದಿಗೇ ಹೊರಬರಬೇಕು, ಜೀವಕೋಶಗಳು ಆಚೀಚೆ ಚೆಲ್ಲಿ ಉಳಿಯಬಾರದು. ತುಣುಕು ಫಾರ್ಮಾಲಿನ್ ತುಂಬಿದ ಸಣ್ಣ ಶೀಸೆಯ ತಳಕ್ಕೆ ಇಳಿದು, ಬಿಳುಪು ಮತ್ತು ತುಸು ಹೊಳಪಿನಿಂದ, ಎಳನೀರಿನ ಗಂಜಿಯ ಚೂರಿನಂತೆ ಕಾಣುತ್ತಿತ್ತು. ಶೀಸೆಯ ಮೇಲಿನ ಚೀಟಿಯಲ್ಲಿ ಹೆಸರು, ವಯಸ್ಸು, ದಿನಾಂಕ, 'ಬಲ ಅಂಗುಳ' ಎಂದು ಬರೆದು, ಅದನ್ನು ಅಕ್ಕನಿಗೇ ಓದಿಸಿ ಹೌದೆನಿಸಿಕೊಂಡ ಮೇಲೆ ಮುಚ್ಚಳ ತಿರುಗಿಸಿದರು. ನಾನು ನೋಡಿದ ದವಾಖಾನೆಗಳಲ್ಲಿ ಇದನ್ನು ಮಾಡಿದ್ದು ಇದೊಂದೇ. ತುಣುಕಿನ ಪರೀಕ್ಷೆಗೆ ಪ್ರಯೋಗಾಲಯದ ಶುಲ್ಕವೂ ಸೇರಿ 3,200 ರೂಪಾಯಿ ಆಯಿತು, ವರದಿ ಬರಲು ಎಂಟು ದಿನ ಹಿಡಿಯಿತು.

ಆ ಎಂಟು ದಿನಗಳಲ್ಲಿ ಅಕ್ಕ ಎಲೆಅಡಿಕೆಯ ತಟ್ಟೆಯನ್ನು ಅಟ್ಟಕ್ಕೆ ಹಾಕಿದ್ದಳು. ತನ್ನ ಚಟದಿಂದಲೇ ಇದು ಬಂತೆಂದು ಒಳಗೊಳಗೇ ಕೊರಗುತ್ತಿದ್ದಳೆಂದು ಆಮೇಲೆ ತಿಳಿಯಿತು. ವೈದ್ಯೆ ಅದನ್ನು ನೇರವಾಗಿ ಬಿಡಿಸಿದರು. ಈ ಜಾತಿಯ ಗೆಡ್ಡೆಗೂ ಎಲೆಅಡಿಕೆಗೂ ಹೊಗೆಸೊಪ್ಪಿಗೂ ನಂಟು ಕಂಡುಬಂದಿಲ್ಲ, ವಾರ್ಥಿನ್ ಗೆಡ್ಡೆ ಎಂಬ, ಹೆಚ್ಚಾಗಿ ಪರೋಟಿಡ್‌ನಲ್ಲಿ ಕಾಣುವ ಇನ್ನೊಂದು ಸಾಧು ಗೆಡ್ಡೆಗೆ ಮಾತ್ರ ಬೀಡಿ ಸಿಗರೇಟಿನ ಜೊತೆ ಗಟ್ಟಿ ಸಂಬಂಧವಿದೆ. ಅಕ್ಕನ ಮುಖ ಅರಳುವಷ್ಟರಲ್ಲಿಯೇ, "ಹಂಗಂತ ತಟ್ಟೆ ಕೆಳಗಿಳಿಸಬ್ಯಾಡಿ ಅಮ್ಮ" ಎಂದು, ಅಡಿಕೆಯಿಂದ ಕೆನ್ನೆ ಬಿಗಿದು ಬಾಯಿ ತೆರೆಯಲಾಗದೆ ಬರುವವರ ಕಥೆಯನ್ನೂ, ಕೋಲಾರದ ಕಡೆ ಕಡ್ಡಿಪುಡಿಯನ್ನು ಕೆನ್ನೆಯಲ್ಲಿಟ್ಟು ಬಾಯಿಯ ಕ್ಯಾನ್ಸರ್ ತಂದುಕೊಳ್ಳುವ ಹೆಂಗಸರ ವಿಚಾರವನ್ನೂ ಹೇಳಿದರು. ತಟ್ಟೆ ಇನ್ನೂ ಅಟ್ಟದಲ್ಲಿಯೇ ಇದೆ ಎಂದು ಭಾವ ಹೇಳುತ್ತಾರೆ.

ವರದಿಯಲ್ಲಿ ಬಂದ ಹೆಸರು ಪ್ಲಿಯೋಮಾರ್ಫಿಕ್ ಅಡಿನೋಮಾ. ಜೊಲ್ಲುಗ್ರಂಥಿಗಳ ಗೆಡ್ಡೆಗಳಲ್ಲೆಲ್ಲ ಇದೇ ಹೆಚ್ಚು ಸಾಮಾನ್ಯ, ಕಿರುಗ್ರಂಥಿಗಳ ಪೈಕಿ ಇದು ಹೆಚ್ಚಾಗಿ ಹುಟ್ಟುವ ಜಾಗವೇ ಅಂಗುಳ. ಗ್ರಂಥಿಯ ನಾಳಗಳ ಜೀವಕೋಶಗಳು, ಅವುಗಳ ಹೊರಗೆ ಹೊದಿಕೆಯಂತಿರುವ ಇನ್ನೊಂದು ಬಗೆಯ ಜೀವಕೋಶಗಳು, ನಡುವೆ ಅಂಟು ಮತ್ತು ಮೃದ್ವಸ್ಥಿಯನ್ನು ಹೋಲುವ ಹಾಸು, ಇವೆಲ್ಲ ಒಂದೇ ಗಂಟಿನಲ್ಲಿ ಬೆರೆತಿರುವುದರಿಂದ ಇದಕ್ಕೆ ಮಿಶ್ರ ಗೆಡ್ಡೆ ಎಂಬ ಹಳೆಯ ಹೆಸರೂ ಇದೆ. ಕ್ಯಾನ್ಸರ್ ಅಲ್ಲವೆಂದ ಮೇಲೆ ತೆಗೆಯುವುದೇಕೆ ಎಂದು ಅಕ್ಕ ಕೇಳಿದಳು, ಕೇಳಬೇಕಾದ ಪ್ರಶ್ನೆಯೇ. ಗಂಟು ತಾನಾಗಿ ಕರಗುವುದಿಲ್ಲ, ಮಾತ್ರೆಯಿಂದಲೂ ಕರಗುವುದಿಲ್ಲ, ಬೆಳೆಯುತ್ತಲೇ ಹೋಗುತ್ತದೆ. ಬಿಟ್ಟಷ್ಟೂ ಅದರೊಳಗೆ ಕ್ಯಾನ್ಸರ್ ಹುಟ್ಟುವ ಸಂಭವ ಏರುತ್ತದೆ. ವೈದ್ಯಕೀಯ ಪುಸ್ತಕಗಳು ಸಾಮಾನ್ಯವಾಗಿ ಕೊಡುವ ಅಂದಾಜು, ಮೊದಲ 5 ವರ್ಷಗಳಲ್ಲಿ ಶೇಕಡ 1.5, 15 ವರ್ಷ ದಾಟಿದರೆ ಶೇಕಡ 10ರ ಆಸುಪಾಸು. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಯದಿರೋ ಸಾಧು ಹೋರಿ, ಆದ್ರೆ ಕಣ್ಣಿ ಬಿಚ್ಚಿ ಬಿಡಬಾರ್ದು ಅಂತೀರಿ" ಎಂದಳು. ವೈದ್ಯೆ ನಕ್ಕರು. ಅವರ ಅರ್ಧ ಗಂಟೆಯ ವಿವರಣೆಗಿಂತ ಅದು ನೇರವಾಗಿತ್ತೆಂದು ನನಗೆ ತೋರಿತು.

ನಾನು ಹೆಚ್ಚು ಮೆಚ್ಚಿದ ಘಟ್ಟ ಇದರ ನಂತರದ್ದು. ಶಸ್ತ್ರಚಿಕಿತ್ಸೆಯನ್ನು ತಾವು ಮಾಡುವುದಿಲ್ಲ, ಬಾಯಿ ಮತ್ತು ದವಡೆಯ ಶಸ್ತ್ರಚಿಕಿತ್ಸೆಯಲ್ಲಿ ಎಂಡಿಎಸ್ ಎಂಬ ಸ್ನಾತಕೋತ್ತರ ಪದವಿ ಮಾಡಿದ ತಜ್ಞರು ವಾರಕ್ಕೆರಡು ದಿನ ತಮ್ಮಲ್ಲಿಗೆ ಬರುತ್ತಾರೆ, ಅವರು ನರ್ಸಿಂಗ್ ಹೋಮಿನಲ್ಲಿ ಮಾಡುತ್ತಾರೆ ಎಂದು ವೈದ್ಯೆ ತಿಳಿಸಿದರು. ಅದರ ಜೊತೆಗೇ, ಆ ನರ್ಸಿಂಗ್ ಹೋಮ್ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಪಟ್ಟಿಯಲ್ಲಿ ಇಲ್ಲವೆಂದೂ, ನಮ್ಮದು ಬಿಪಿಎಲ್ ಕಾರ್ಡಾಗಿದ್ದರೆ ಮೊದಲು ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಬಹುದೆಂದೂ, ದಂತ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಲ್ಲಿ ಕಡಿಮೆ ಖರ್ಚಿಗೆ ಇದೇ ಚಿಕಿತ್ಸೆ ದೊರೆಯುತ್ತದೆಂದೂ, ಅದಕ್ಕೆ ಬೇಕಾದ ಪತ್ರವನ್ನು ತಾವೇ ಬರೆದುಕೊಡುವುದಾಗಿಯೂ ಹೇಳಿದರು. ಮನೆಯ ಗಿರಾಕಿಯನ್ನು ಬೇರೆ ಅಂಗಡಿಗೆ ತಾವಾಗಿ ದಾರಿ ತೋರಿಸುವವರು ಅಪರೂಪ. ಕೊಯ್ಲಿನ ಹಣ ಕೈಯಲ್ಲಿದ್ದುದರಿಂದ ಅಕ್ಕ ಇಲ್ಲಿಯೇ ಮುಂದುವರಿಯಲು ಒಪ್ಪಿದಳು.

ಗಂಟು ಅಂಗುಳದಲ್ಲಿ ಇದ್ದುದು ಒಂದು ಲೆಕ್ಕಕ್ಕೆ ಸುದೈವ ಎಂದು ಶಸ್ತ್ರತಜ್ಞರು ವಿವರಿಸಿದರು. ಇದೇ ಗೆಡ್ಡೆ ಪರೋಟಿಡ್‌ನಲ್ಲಿದ್ದಿದ್ದರೆ ಹೀಗೆ ತುಣುಕು ಕತ್ತರಿಸುವುದಿಲ್ಲ, ಏಕೆಂದರೆ ಅಲ್ಲಿ ಜೀವಕೋಶಗಳು ಚೆಲ್ಲಿದರೆ ವರ್ಷಗಳ ಮೇಲೆ ಹತ್ತಾರು ಕಡೆ ಗಂಟುಗಳು ಮತ್ತೆ ಏಳುತ್ತವೆ. ಅಲ್ಲಿ ಅಲ್ಟ್ರಾಸೌಂಡ್ ನೋಡಿಕೊಂಡು ಸಪೂರ ಸೂಜಿಯಿಂದ ಜೀವಕೋಶಗಳನ್ನು ಹೀರಿ ಪರೀಕ್ಷಿಸುತ್ತಾರೆ. ಮುಖದ ನರ ಆ ಗ್ರಂಥಿಯೊಳಗೇ ಐದು ಕವಲಾಗಿ ಹಾದುಹೋಗುವುದರಿಂದ, ಕಣ್ಣು ಮುಚ್ಚುವ, ತುಟಿ ಆಡಿಸುವ ಶಕ್ತಿಯನ್ನು ಉಳಿಸಿಕೊಂಡು ಗೆಡ್ಡೆಯನ್ನು ಬಿಡಿಸುವುದು ದೊಡ್ಡ ಕೆಲಸ, ಅದು ಹಲ್ಲಿನ ದವಾಖಾನೆಯ ಮಟ್ಟದ್ದಲ್ಲ. ಹಿಂದೆ ಅಲ್ಲಿ ಗೆಡ್ಡೆಯನ್ನು ಅವರೆಕಾಳು ಹಿಸುಕಿದಂತೆ ಸಿಪ್ಪೆಯಿಂದ ಹೊರಗೆ ಜಾರಿಸಿಬಿಡುತ್ತಿದ್ದರಂತೆ. ಅದರ ಹೊದಿಕೆ ಪೂರ್ತಿಯಾಗಿರದೆ, ಗೆಡ್ಡೆ ಬೆರಳು ಚಾಚಿದಂತೆ ಅಲ್ಲಲ್ಲಿ ಹೊರಗೆ ಇಣುಕಿರುವುದರಿಂದ ಹಾಗೆ ತೆಗೆದವರಲ್ಲಿ ಅದು ಪದೇ ಪದೇ ಮರಳಿತು, ಈಗ ಸುತ್ತಲಿನ ಗ್ರಂಥಿಯ ಭಾಗವನ್ನೂ ಸೇರಿಸಿಯೇ ತೆಗೆಯುತ್ತಾರೆ. ಅಂಗುಳದ ಕಿರುಗ್ರಂಥಿಯ ಗೆಡ್ಡೆಗಳಿಗೆ ಹಲವು ಸಲ ಹೊದಿಕೆಯೇ ಇರುವುದಿಲ್ಲ. ಹೀಗಾಗಿ ಸುತ್ತ ಅರ್ಧ ಸೆಂಟಿಮೀಟರಿನಷ್ಟು ಆರೋಗ್ಯವಂತ ಚರ್ಮವನ್ನೂ, ಮೂಳೆಗೆ ಅಂಟಿದ ಪೊರೆಯನ್ನೂ ಸೇರಿಸಿ ಒಂದೇ ತುಂಡಾಗಿ ಎತ್ತುವುದು ಪದ್ಧತಿ.

ಅಷ್ಟು ಎತ್ತಿದ ಮೇಲೆ ಮೂಳೆ ಬತ್ತಲಾಗುತ್ತದೆ, ಹೊಲಿಗೆ ಹಾಕಲು ಚರ್ಮ ಸಾಲದು. ಅದಕ್ಕಾಗಿ ಮೊದಲೇ ಒಂದು ಪ್ಲೇಟು ಸಿದ್ಧಪಡಿಸುತ್ತಾರೆ. ಇದನ್ನು ನಾನು ಕಣ್ಣಾರೆ ಕಂಡೆ. ಅಚ್ಚಿನ ಪುಡಿಯನ್ನು ನೀರಿನಲ್ಲಿ ಕಲಸಿ ಬಾಯಿಯ ಅಳತೆ ತೆಗೆದು, ಅದರಲ್ಲಿ ಜಿಪ್ಸಮ್ ಹಿಟ್ಟು ಕಲಸಿ ಹೊಯ್ದು ಅಂಗುಳದ ಬಿಳಿಯ ಮಾದರಿಯನ್ನು ಮಾಡಿದರು. ಮಾದರಿಯಲ್ಲಿ ಗಂಟು ಗಂಟಾಗಿಯೇ ಎದ್ದು ನಿಂತಿತ್ತು. ತಂತ್ರಜ್ಞ ಹುಡುಗ ಸಣ್ಣ ಚಾಕು ಹಿಡಿದು ಆ ಗಂಟನ್ನು ಕೆರೆದು ಕೆರೆದು, ಎಡಗಡೆಯ ಅಂಗುಳದಂತೆಯೇ ಬಲಗಡೆಯೂ ಕಾಣುವವರೆಗೆ ಸಮ ಮಾಡಿದ. ಮೇಜಿನ ಮೇಲೆ ಬಿಳಿಯ ಪುಡಿ ಉದುರುತ್ತಿದ್ದುದನ್ನು ಅಕ್ಕ ಕಣ್ಣು ಕೀಳದೆ ನೋಡುತ್ತಿದ್ದಳು. ಹಾಗೆ ಸಮವಾದ ಮಾದರಿಯ ಮೇಲೆ ಅಕ್ರಿಲಿಕ್ ಪ್ಲೇಟನ್ನು ಕಟ್ಟಿ, ಹಲ್ಲಿಗೆ ಸಿಕ್ಕಿಸುವ ತಂತಿ ಕೊಕ್ಕೆಗಳನ್ನು ಇಟ್ಟರು. ಗಂಟು ಇನ್ನೂ ಬಾಯಲ್ಲಿರುವಾಗಲೇ, ಗಂಟಿಲ್ಲದ ಅಂಗುಳದ ಅಳತೆಯ ಪ್ಲೇಟು ಡಬ್ಬಿಯಲ್ಲಿ ಸಿದ್ಧವಾಗಿತ್ತು.

ಶಸ್ತ್ರಚಿಕಿತ್ಸೆ ಪೂರ್ಣ ಅರಿವಳಿಕೆಯಲ್ಲಿ ಒಂದು ಗಂಟೆಯೊಳಗೆ ಮುಗಿಯಿತು, ಒಂದು ರಾತ್ರಿ ನರ್ಸಿಂಗ್ ಹೋಮಿನಲ್ಲಿದ್ದಳು. ಅಂಗುಳಕ್ಕೆ ರಕ್ತ ಕೊಡುವ ದೊಡ್ಡ ರಕ್ತನಾಳ ಗಂಟಿನ ಬದಿಯಲ್ಲೇ ಹಾಯುವುದರಿಂದ ಅದನ್ನು ಕಟ್ಟಿದ್ದಾಗಿ ತಜ್ಞರು ಹೇಳಿದರು. ಬತ್ತಲಾದ ಜಾಗಕ್ಕೆ ಔಷಧಿಯ ಗಾಜ್ ಪಟ್ಟಿಯನ್ನು ಒತ್ತಿಟ್ಟು, ಪ್ಲೇಟನ್ನು ಮೇಲೆ ಸಿಕ್ಕಿಸಿ, ಒಂದು ವಾರ ಕಳಚಲೇಬಾರದೆಂದು ಕಟ್ಟಪ್ಪಣೆ ಮಾಡಿದರು. ಆ ಪಟ್ಟಿಯ ಅಯೋಡೋಫಾರ್ಮ್ ವಾಸನೆಯ ಬಗ್ಗೆ ಯಾರೂ ಮೊದಲೇ ಎಚ್ಚರಿಸಿರಲಿಲ್ಲ. ಮೂರನೆಯ ದಿನದಿಂದ ಅಕ್ಕ ತನ್ನ ಬಾಯಿಯ ವಾಸನೆಗೆ ತಾನೇ ಹೇಸಿ ಊಟ ಬಿಟ್ಟಳು. ದವಾಖಾನೆಗೆ ಫೋನ್ ಮಾಡಿದಾಗ ವೈದ್ಯೆ ತಾವೇ ಮಾತನಾಡಿ, ಅದು ಪಟ್ಟಿಯ ಔಷಧಿಯ ವಾಸನೆ, ಕೀವಿನದಲ್ಲವೆಂದು ಸಮಾಧಾನ ಹೇಳಿದರು. ಮೊದಲೇ ಒಂದು ಮಾತು ಹೇಳಿದ್ದರೆ ಆ ಎರಡು ದಿನಗಳ ಉಪವಾಸ ತಪ್ಪುತ್ತಿತ್ತು.

ಊಟದ ವಿಚಾರದಲ್ಲಿ ಅವರು ಕೊಟ್ಟ ಅಚ್ಚಾದ ಚೀಟಿಯಲ್ಲಿ 'ಮೃದು ಆಹಾರ, ಐಸ್ ಕ್ರೀಮ್, ಸೂಪ್' ಎಂದಿತ್ತು. ಗುಬ್ಬಿಯ ಕಡೆಯ ಮನೆಯಲ್ಲಿ ಇದರಿಂದ ಪ್ರಯೋಜನ ಕಡಿಮೆ. ಅಕ್ಕ ತಣಿದ ರಾಗಿ ಗಂಜಿಯಿಂದ ಆರಂಭಿಸಿ, ಪಟ್ಟಿ ತೆಗೆದ ಮೇಲೆ ಉಗುರುಬೆಚ್ಚಗಿನ ಮುದ್ದೆಗೆ ಬಂದಳು. ಅಗಿಯದೆ ನುಂಗುವ ಮುದ್ದೆಗಿಂತ ಅಂಗುಳಕ್ಕೆ ಸಲ್ಲುವ ಊಟ ಇನ್ನೇನಿದೆ? ಖಾರದ ಸಾರು ಮಾತ್ರ ಐದು ವಾರ ದೂರವೇ ಉಳಿಯಿತು. ಎಂಟನೆಯ ದಿನ ಪ್ಲೇಟು ಕಳಚಿ ಪಟ್ಟಿ ತೆಗೆದಾಗ ಗಾಯದ ತಳದಲ್ಲಿ ಕೆಂಪು ಹರಳು ಹರಳಾದ ಹೊಸ ಮಾಂಸ ಏಳುತ್ತಿತ್ತು. ಅಂಚಿನಿಂದ ಒಳಕ್ಕೆ ದಿನದಿನಕ್ಕೂ ಚರ್ಮ ಹಬ್ಬುತ್ತಾ ಬಂದು, ಆರನೆಯ ವಾರಕ್ಕೆ ಪೂರ್ತಿ ಮುಚ್ಚಿಕೊಂಡಿತು. ಅಷ್ಟು ದಿನವೂ ತೊಳೆದ ಪ್ಲೇಟನ್ನು ಹಾಕಿಕೊಂಡೇ ಊಟ, ಬಳಿಕ ಕ್ಲೋರ್‌ಹೆಕ್ಸಿಡೀನ್ ನೀರಿನಲ್ಲಿ ಮುಕ್ಕಳಿಸುವುದು. ಆ ನೀರಿನಿಂದ ಹಲ್ಲು ಕಂದಾಗುತ್ತದೆ, ಆಮೇಲೆ ಶುಚಿಗೊಳಿಸಿಕೊಡುತ್ತೇವೆ ಎಂದು ಇದನ್ನು ಮಾತ್ರ ಮೊದಲೇ ಹೇಳಿದ್ದರು, ಹೇಳಿದಂತೆ ಉಚಿತವಾಗಿ ಮಾಡಿಯೂ ಕೊಟ್ಟರು. ಎತ್ತಿದ ಗಂಟನ್ನು ಇಡಿಯಾಗಿ ಪರೀಕ್ಷೆಗೆ ಕಳುಹಿಸಿದ್ದ ವರದಿ ಈ ನಡುವೆ ಬಂತು. ಹೆಸರು ಅದೇ, ಅಂಚುಗಳಲ್ಲಿ ಗೆಡ್ಡೆಯ ಅಂಶವಿಲ್ಲ, ಕ್ಯಾನ್ಸರ್‌ನ ಸುಳಿವು ಎಲ್ಲಿಯೂ ಇಲ್ಲ.

ಖರ್ಚಿನ ಲೆಕ್ಕದಲ್ಲಿ ನನ್ನದೊಂದು ತಕರಾರಿದೆ. ಶಸ್ತ್ರಚಿಕಿತ್ಸೆ, ಅರಿವಳಿಕೆ, ನರ್ಸಿಂಗ್ ಹೋಮ್ ಮತ್ತು ಕೊನೆಯ ವರದಿ ಸೇರಿ 46,000 ರೂಪಾಯಿ ಎಂದು ಮೊದಲೇ ತಿಳಿಸಿದ್ದರು, ಅಷ್ಟೇ ತೆಗೆದುಕೊಂಡರು. ಪ್ಲೇಟಿನ 2,500 ರೂಪಾಯಿ ಅದರಲ್ಲಿ ಸೇರಿಲ್ಲವೆಂಬುದು ಪ್ಲೇಟು ಕೈಗೆ ಬಂದ ದಿನವೇ ಗೊತ್ತಾದದ್ದು. ಇಲ್ಲಿಗೆ ಬಂದ ಮೊದಲ ದಿನದಿಂದ ಎಲ್ಲ ಕೂಡಿಸಿದರೆ 54,400 ರೂಪಾಯಿ. ಮೊತ್ತದ ಬಗ್ಗೆ ನನಗೆ ಆಕ್ಷೇಪವಿಲ್ಲ. ತೋಟದ ಹಣ ಎಣಿಸಿ ಎಣಿಸಿ ತರುವವರಿಗೆ ಒಂದೇ ಹಾಳೆಯಲ್ಲಿ ಪೂರ್ತಿ ಲೆಕ್ಕ ಕೊಡುವುದು ಕಷ್ಟದ ಕೆಲಸವೇನಲ್ಲ.

ಕಾಯುವ ಕೋಣೆಯ ಬಗ್ಗೆಯೂ ಬರೆಯಬೇಕು. ಹತ್ತೂವರೆಗೆ ಬರಹೇಳಿದ ದಿನ ಒಳಗೆ ಕರೆದದ್ದು ಹನ್ನೆರಡಕ್ಕೆ. ಮಹಡಿಯ ಮೆಟ್ಟಿಲು ಕಡಿದಾಗಿದ್ದು, ಮಂಡಿನೋವಿನವರಿಗೆ ಕೈಹಿಡಿ ಒಂದೇ ಬದಿಗಿದೆ. ಒಮ್ಮೆ ಸ್ವಾಗತದ ಹುಡುಗಿ ಎಲ್ಲರೆದುರಿಗೆ, "ಗೆಡ್ಡೆ ಪೇಷಂಟ್ ಯಾರು?" ಎಂದು ಕೂಗಿದಳು. ಪಕ್ಕದಲ್ಲಿ ಕುಳಿತವರು ಅರೆಗಳಿಗೆಯಲ್ಲಿ ಅಕ್ಕನಿಂದ ಒಂದು ಕುರ್ಚಿ ದೂರ ಸರಿದರು. ವೈದ್ಯೆಗೆ ಹೇಳಿದ ಮೇಲೆ ಹೆಸರಿನಿಂದಲೇ ಕರೆಯತೊಡಗಿದ್ದಾರೆ. ಆದರೆ ಅದೇ ಕೋಣೆಯಲ್ಲಿ ಕುಳಿತೇ ಈ ದವಾಖಾನೆಯ ಇನ್ನೊಂದು ಗುಣವೂ ಕಂಡಿತು. ಕೆಳತುಟಿಯೊಳಗೆ ನೀಲಿ ಗುಳ್ಳೆ ಎದ್ದು ಕ್ಯಾನ್ಸರ್ ಎಂದು ಹೆದರಿ ಬಂದಿದ್ದ ಕಾಲೇಜು ಹುಡುಗನಿಗೆ, ಅದು ತುಟಿ ಕಚ್ಚಿಕೊಂಡು ಜೊಲ್ಲಿನ ನಾಳ ಹರಿದು ಕಟ್ಟಿದ ಗುಳ್ಳೆಯೆಂದು ಹತ್ತು ನಿಮಿಷದಲ್ಲಿ ಸಮಾಧಾನ ಮಾಡಿ, ಮುಂದಿನ ವಾರಕ್ಕೆ ದಿನ ಕೊಟ್ಟು ಕಳುಹಿಸಿದರು. ಊಟಕ್ಕೆ ಕುಳಿತರೆ ಸಾಕು ದವಡೆಯ ಕೆಳಗೆ ಊದಿಕೊಂಡು, ಒಂದೆರಡು ಗಂಟೆಯಲ್ಲಿ ಇಳಿಯುತ್ತದೆಂದ ಕೊಬ್ಬರಿ ವ್ಯಾಪಾರಿಯೊಬ್ಬರಿಗೆ ಅದು ಗೆಡ್ಡೆಯಲ್ಲ, ನಾಳದಲ್ಲಿ ಸಿಕ್ಕಿಕೊಂಡ ಕಲ್ಲಿರಬಹುದೆಂದು ಎಕ್ಸ್‌ರೇಗೆ ಬರೆದುಕೊಟ್ಟರು. ಕಿವಿಯ ಮುಂದೆ ಗಟ್ಟಿ ಗಂಟು, ಜೊತೆಗೆ ಅದೇ ಬದಿಯ ಕಣ್ಣು ಪೂರ್ತಿ ಮುಚ್ಚದ ಅಜ್ಜನೊಬ್ಬರನ್ನು ಮಾತ್ರ ಅವರು ಕುರ್ಚಿಯಲ್ಲಿ ಹೆಚ್ಚು ಹೊತ್ತು ಕೂರಿಸಲಿಲ್ಲ. ಅಂದೇ ಪತ್ರ ಬರೆದು, ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಮರುದಿನವೇ ಹೊರಡಬೇಕೆಂದು ಮಗನಿಗೆ ಎರಡೆರಡು ಸಲ ಹೇಳಿದರು.

ಈ ಗೆಡ್ಡೆ ಹತ್ತು ವರ್ಷಗಳ ಮೇಲೂ ಮರಳಬಹುದಾದ್ದರಿಂದ ವರ್ಷಕ್ಕೊಮ್ಮೆ ತೋರಿಸುವುದನ್ನು ನಿಲ್ಲಿಸಬಾರದೆಂದು ಹೇಳಿದ್ದಾರೆ. ಆದರೆ ಅವರು ಕೊಡುವ ಕಾರ್ಡಿನಲ್ಲಿ ಮುಂದಿನ ಒಂದು ದಿನಾಂಕಕ್ಕೆ ಮಾತ್ರ ಜಾಗವಿದೆ, ಕಾರ್ಡು ಕಳೆದರೆ ವರ್ಷವೂ ಕಳೆಯುತ್ತದೆ. ಒಂಬತ್ತನೆಯ ಭೇಟಿಯಲ್ಲಿ ವೈದ್ಯೆ ಗಾಯದ ಜಾಗದ ಮೇಲೆ ಬೆರಳಾಡಿಸಿ, ತುಸು ಬಿಳುಪಾದ ಗೆರೆಯನ್ನು ಬಿಟ್ಟರೆ ಬೇರೇನೂ ಇಲ್ಲವೆಂದರು. ಮೊಮ್ಮಗಳು ಆಡಿಕೊಳ್ಳುವುದನ್ನು ನಿಲ್ಲಿಸಿದ್ದಾಳೆ.

ಅಂದೇ ನಾನು ನನ್ನ ಕೊನೆಯ ತಕರಾರನ್ನೂ ಹೇಳಿದೆ. ತುಣುಕು ತೆಗೆಯುವ ದಿನವೂ ಶಸ್ತ್ರಚಿಕಿತ್ಸೆಯ ದಿನವೂ ಅಕ್ಕ ಹೆಬ್ಬೆಟ್ಟಿನ ಬದಲು ಅಚ್ಚುಕಟ್ಟಾಗಿ ಕನ್ನಡದಲ್ಲಿ ಸಹಿ ಹಾಕಿದ ಸಮ್ಮತಿ ಪತ್ರ ಇಂಗ್ಲಿಷಿನಲ್ಲಿತ್ತು. "ನೀವೇ ಬರ್ಕೊಡಿ ಮೇಷ್ಟ್ರೆ, ಅಚ್ಚು ಹಾಕಿಸ್ತೀನಿ" ಎಂದು ವೈದ್ಯೆ ಪತ್ರದ ಪ್ರತಿಯೊಂದನ್ನು ನನ್ನ ಕೈಗಿತ್ತರು. ಎರಡು ವಾರಗಳಿಂದ ಬರೆಯುತ್ತಿದ್ದೇನೆ. ಕ್ಯಾನ್ಸರ್ ಅಲ್ಲದ ಗೆಡ್ಡೆಗೆ ಇಂಗ್ಲಿಷಿನಲ್ಲಿ ಹೇಳುವ ಬಿನೈನ್ ಎಂಬುದಕ್ಕೆ ನಿರಪಾಯಕಾರಿ ಎಂದು ಬರೆದರೆ, ಅಪಾಯವಿಲ್ಲವೆಂದ ಮೇಲೆ ಸಹಿ ಏಕೆ ಎಂದು ಓದಿದವರು ಎದ್ದು ಹೋಗುತ್ತಾರೆ. ಸೌಮ್ಯ ಎಂದರೆ ಜ್ವರದಂತೆ ಕೇಳಿಸುತ್ತದೆ. ಅಕ್ಕನ ಮಾತನ್ನೇ ಹಿಡಿದು ಕರಡಿನಲ್ಲಿ ಸದ್ಯಕ್ಕೆ 'ಸಾಧು ಗೆಡ್ಡೆ' ಎಂದು ಬರೆದು, ಪಕ್ಕದ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಪ್ರಶ್ನೆ ಚಿಹ್ನೆ ಹಾಕಿಟ್ಟಿದ್ದೇನೆ.